ಕಂಪ್ಯೂಟರ್ ಕೊಟ್ಟ ರಜೆ

ಮೂರನೆಯ ಸಲವೂ ಪರದೆಯ ಮೇಲೆ ಬರೀ ಬಿಳುಪು ಬಂದು ನಿಂತಾಗ ಪ್ರಣಮ್ಯಾ ಮೌಸನ್ನು ಮೇಜಿನ ಮೇಲೆ ಅಂಗಾತ ಮಲಗಿಸಿಬಿಟ್ಟಳು. ಅವಳು ಸೋತಳೆನ್ನುವುದಕ್ಕೆ ಅದೇ ಗುರುತು. ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಮಧ್ವರಾಜನಿಗೆ ಮಗಳು ಸೋತದ್ದರಿಂದ ಒಳಗೊಳಗೇ ಸ್ವಲ್ಪ ಸಮಾಧಾನವಾಯಿತು. ಹದಿನಾಲ್ಕು ವರ್ಷ ಹಳೆಯ ಆ ಕಂಪ್ಯೂಟರ್ ಅವನ ಪಾಲಿಗೆ ಹೋಟೆಲಿನ ಹಿರಿತಲೆಗಳಲ್ಲಿ ಒಂದು. ಹಿರಿಯರನ್ನು ಹೀಗೆ ಎದುರು ಕೂರಿಸಿಕೊಂಡು ಪರೀಕ್ಷೆ ಮಾಡುವುದು ಅವನಿಗೆ ಸರಿ ಕಾಣುತ್ತಿರಲಿಲ್ಲ.

"ಅಪ್ಪಾ, ಇದಕ್ಕೆ ಹೊಸ ವಿಂಡೋಸ್ ಹಾಕ್ಲೇಬೇಕು. ಡಿಸ್ಕೂ ಹೋಗ್ಲಿಕ್ಕೆ ಬಂದಿದೆ, ಸೌಂಡ್ ಕೇಳು," ಎಂದಳು ಪ್ರಣಮ್ಯಾ. "ಏಪ್ರಿಲ್ ಒಂದರಿಂದ ಆರ್ಡರ್ ಪೇಜ್ ಇದ್ರಲ್ಲಿ ವರವೇ ವರಾದು, ಬರುದೇ ಇಲ್ಲ."

"ಮತ್ತೆ ಲಿಸ್ಟ್?"

ಮಗಳು ಮೌಸನ್ನು ಎತ್ತಿ ಮತ್ತೆ ಅಂಗಾತ ಮಲಗಿಸಿದಳು. ಮದರಾಸಿನ ಕ್ರೋಂಪೇಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು, ಯಾವ ಪ್ರಶ್ನೆಗೂ ತಡವರಿಸುವವಳಲ್ಲ. ಆದರೆ ರಜೆಯ ಲಿಸ್ಟ್ ಎಂಬುದು ಪಂಚಮಿ ಭವನದಲ್ಲಿ ಬರೀ ಪ್ರಶ್ನೆಯಲ್ಲ. ಹೊಸ ವಿಂಡೋಸಿನಲ್ಲಿ ಆ ಹಳೆಯ ಪ್ರೋಗ್ರಾಂ ಓಡುವುದಿಲ್ಲ ಎಂದು ಅವಳೇ ಹೋದ ವಾರ ಹೇಳಿದ್ದಳು. ಹಾಕದಿದ್ದರೆ ನುಂಗಂಬಾಕ್ಕಂ ಆಫೀಸುಗಳಿಂದ ದಿನಾ ಮಧ್ಯಾಹ್ನ ಬರುವ ಊಟದ ಆರ್ಡರುಗಳೆಲ್ಲ ಹೋದವು ಎಂದೇ ಲೆಕ್ಕ. ಹಾಕಿದರೆ ಲಿಸ್ಟ್ ಹೋಯಿತು. ಅತ್ತ ದರಿ, ಇತ್ತ ಪುಲಿ.

"ಆರ್ಡರ್ ಹೋದ್ರೆ ಹೋಗ್ಲಿ," ಎಂದ ಮಧ್ವರಾಜ. "ಲಿಸ್ಟ್ ಹೋದ್ರೆ ಹೋಟೆಲೇ ಇಲ್ಲ."

ಅದು ಉತ್ಪ್ರೇಕ್ಷೆಯೇನೂ ಅಲ್ಲ. ಪಂಚಮಿ ಭವನದಲ್ಲಿ ಮೂವತ್ತೆಂಟು ಜನ ಕೆಲಸಕ್ಕಿದ್ದರು. ಮೈಸೂರು ಕಡೆಯ ಅಂದಾನಿಯೊಬ್ಬನನ್ನು ಬಿಟ್ಟರೆ ಎಲ್ಲರೂ ಉಡುಪಿ ಕಾರ್ಕಳದ ಆಸುಪಾಸಿನವರು. ದೀಪಾವಳಿ ಕಳೆದ ಮೇಲೆ ಊರಲ್ಲಿ ದೈವಗಳ ನೇಮ, ಕೋಲ ಶುರುವಾದರೆ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೂ ನಡೆಯುತ್ತದೆ. ಪತ್ತನಾಜೆಗೆ ದೈವಗಳು ಕಾಲಿನ ಗಗ್ಗರ ಬಿಚ್ಚಿಟ್ಟರೆ ಆ ವರ್ಷದ ಬಾಗಿಲು ಹಾಕಿದಂತೆ. ಅಷ್ಟರೊಳಗೆ ಪ್ರತಿಯೊಬ್ಬನೂ ತನ್ನ ಮನೆಯ ನೇಮಕ್ಕೆ ಮುಟ್ಟಬೇಕು. ದೈವ ಕುಟುಂಬದ ಹೆಸರು ಹಿಡಿದು ಕರೆದಾಗ ಕೈಮುಗಿದು "ಬಂದಿದ್ದೇನೆ" ಎನ್ನಲು ಮನೆಯ ಒಂದು ಜನವಾದರೂ ಅಂಗಳದಲ್ಲಿ ನಿಂತಿರಬೇಕು. ಜೊತೆಗೆ ಮದುವೆಗಳು, ಗೃಹಪ್ರವೇಶಗಳು, ಎಲ್ಲವೂ ಏಪ್ರಿಲ್ ಮೇ ಎರಡು ತಿಂಗಳಿಗೇ ಬಂದು ಬೀಳುತ್ತವೆ. ಮೂವತ್ತೇಳು ಜನಕ್ಕೂ ಒಂದೇ ಹೊತ್ತಿಗೆ ಊರು ಬೇಕು, ಮದರಾಸಿನ ಹೊಟ್ಟೆಗಳಿಗೆ ಮಾತ್ರ ಪತ್ತನಾಜೆ ಗಿತ್ತನಾಜೆ ಏನೂ ಇಲ್ಲ.

ಮೊದಲೆಲ್ಲ ರಜೆ ಕೊಡುವ ಕೆಲಸ ಮಧ್ವರಾಜನದೇ. ಕೊಟ್ಟವನಿಗೆ ಧನಿಗಳು ದೇವರು, ಕೊಡದವನಿಗೆ ಶನಿ. ತನ್ನೂರಿನವರಿಗೇ ಮೊದಲು ಕೊಡುತ್ತಾನೆಂಬ ಅಪವಾದ ಬೇರೆ. ಒಂದು ವರ್ಷ ಮೇ ತಿಂಗಳಲ್ಲಿ ಮೂರು ಜನ ಹೇಳದೆ ಕೇಳದೆ ರೈಲು ಹತ್ತಿದರು. ಉಳಿದವರಲ್ಲಿ ಸಾಂಬಾರಿನ ಸದಾನಂದನೂ ದೋಸೆಯವನೂ ಗ್ರಾಹಕರ ಎದುರಿಗೇ ಸೌಟು ಎತ್ತಿಕೊಂಡು ನಿಂತರು. ಮಧ್ವರಾಜ ಆವತ್ತು ಶಟರ್ ಎಳೆದು, ಕೌಂಟರಿನ ಹಿಂದೆ ತಲೆಗೆ ಕೈಹೊತ್ತು ಕೂತಿದ್ದ.

ಆಗ ದಾರಿ ತೋರಿಸಿದವನು ಅವನ ಭಾವಮೈದ ಕೃಷ್ಣಪ್ರಸಾದ. ಹೆಂಡತಿ ಗುಣವತಿಯ ಒಡಹುಟ್ಟಿದ ಅಣ್ಣ. ರೈಲ್ವೆಯಲ್ಲಿ ಯಾವ ಡ್ರೈವರ್ ಯಾವ ಗಾಡಿ ಹತ್ತಬೇಕು, ಯಾವತ್ತು ಮನೆಗೆ ಹೋಗಬೇಕು ಎಂದು ಪಟ್ಟಿ ಹಾಕುವ ಕೆಲಸದಲ್ಲಿದ್ದ. ಅದೇ ತಲೆಯಿಟ್ಟು ಹೋಟೆಲಿಗೊಂದು ಪ್ರೋಗ್ರಾಂ ಬರೆದುಕೊಟ್ಟ. ಮೊದಲ ತಿಂಗಳೇ ಅದು ದೋಸೆಯವರಿಬ್ಬರನ್ನೂ ಒಟ್ಟಿಗೆ ಊರಿಗೆ ಕಳಿಸಿ ದೋಸೆ ಕಾವಲಿಯ ಮುಂದೆ ಸದಾನಂದನನ್ನು ನಿಲ್ಲಿಸಿತು. ರೈಲಿನಲ್ಲಿ ಯಾವ ಡ್ರೈವರಾದರೂ ಯಾವ ಗಾಡಿಯನ್ನಾದರೂ ಓಡಿಸಿಯಾನು. ಸದಾನಂದ ಹುಯ್ದ ದೋಸೆಗಳು ಒಂದೊಂದು ದಿಕ್ಕಿಗೆ ಒಂದೊಂದು ಬಾಲ ಬಿಟ್ಟುಕೊಂಡು ಬಂದವು. ಆಮೇಲೆ ಗುಣವತಿ ಅಣ್ಣನ ಪಕ್ಕ ಎರಡು ಭಾನುವಾರ ಕೂತು, ಯಾರ ಕೈ ಯಾವುದಕ್ಕೆ ಆಗುತ್ತದೆ, ಯಾರ ಊರಿನ ನೇಮ ಯಾವ ಹುಣ್ಣಿಮೆಗೆ ಎಂದು ಬಿಡಿಸಿ ಹೇಳಿದಳು. ಅಲ್ಲಿಂದ ಲಿಸ್ಟ್ ತಪ್ಪಿದ್ದೇ ಇಲ್ಲ.

ಪ್ರತಿ ತಿಂಗಳು ಇಪ್ಪತ್ತೈದಕ್ಕೆ, ಊಟದ ಗದ್ದಲ ಇಳಿದ ಮೂರು ಗಂಟೆಗೆ, ಗುಣವತಿ ಮೆಟ್ಟಿಲ ಕೆಳಗಿನ ಆ ಗೂಡಿನಂಥ ಕೋಣೆಗೆ ಹೋಗಿ ಅರ್ಧ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಲಿಸ್ಟ್ ತೆಗೆಯುವಾಗ ಅವಳನ್ನು ಮಾತಾಡಿಸಬಾರದು. ಸ್ವಲ್ಪ ಹೊತ್ತಿಗೆ ಹಳೆಯ ಪ್ರಿಂಟರು ಕರ್ರೋ ಎಂದು ಕಿರುಚತೊಡಗಿದರೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದೂ ನಿಲ್ಲುತ್ತಿತ್ತು. ಹಾಳೆಯನ್ನು ಕೈತೊಳೆಯುವ ಜಾಗದ ಪಕ್ಕದ ಗೋಡೆಗೆ ಅಂಟಿಸುತ್ತಿದ್ದರು. ಅಲ್ಲೇ ದಾರದಲ್ಲೊಂದು ಪೆನ್ಸಿಲ್ ನೇತಾಡುತ್ತಿತ್ತು. ಒಬ್ಬೊಬ್ಬನೂ ಬಂದು ತನ್ನ ಹೆಸರು ಹುಡುಕಿ, ತಾರೀಕು ನೋಡಿ, ಎದುರಿಗೆ ಒಂದು ಟಿಕ್ ಹಾಕಿ ಹೋಗಬೇಕು. ಟಿಕ್ ಹಾಕಿದ ಮೇಲೆ ಮಾತಿಲ್ಲ. ಯಾರಾದರೂ ಗೊಣಗಿದರೆ ಮಧ್ವರಾಜ ಎರಡೂ ಕೈ ಎತ್ತಿ ಒಂದೇ ಮಾತು ಹೇಳುತ್ತಿದ್ದ: "ನಾನೆಂತ ಮಾಡುದು? ಕಂಪ್ಯೂಟರ್ ಕೊಟ್ಟದ್ದು." ಆ ಮಾತು ಹೇಳುವಾಗ ಅವನಿಗೆ ಹೆಗಲಿನಿಂದ ಹಂಡೆ ಇಳಿಸಿದಷ್ಟು ಹಗುರ ಅನಿಸುತ್ತಿತ್ತು.

ಕೃಷ್ಣಪ್ರಸಾದ ಪ್ರತಿ ಡಿಸೆಂಬರಿನಲ್ಲಿ ಹೊಸ ಪಂಚಾಂಗ ಹಿಡಿದು ಬಂದು, ಮುಂದಿನ ವರ್ಷದ ತಾರೀಕುಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಬಾಳೆಲೆ ಊಟ ಮಾಡಿ ಹೋಗುತ್ತಿದ್ದ. ಹತ್ತು ವರ್ಷದ ಕೆಳಗೆ ನವೆಂಬರ್ ಮಳೆಯಲ್ಲಿ, ಡ್ಯೂಟಿ ಮುಗಿಸಿ ಬರುತ್ತಾ ಎದೆ ಹಿಡಿದುಕೊಂಡು ಪ್ಲಾಟ್‌ಫಾರಂನಲ್ಲೇ ಕುಸಿದ. ಅವನು ಹೋದರೂ ಲಿಸ್ಟ್ ನಿಲ್ಲಲಿಲ್ಲ. ಅಣ್ಣನ ಕೆಲಸವನ್ನು ತಂಗಿ ಕಲಿತುಕೊಂಡಿದ್ದಾಳೆಂದು ಮಧ್ವರಾಜ ತಿಳಿದಿದ್ದ. ಹಾಗಾಗಿಯೇ ಈ ವಿಂಡೋಸ್ ಮಾತು ಬಂದಾಗಲೆಲ್ಲ ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ "ನೀವು ಅಪ್ಪ ಮಗಳು ಹೇಳಿದ ಹಾಗೆ" ಎಂದು ಜಾರಿಕೊಂಡದ್ದು ಅವನಿಗೆ ಅರ್ಥವಾಗುತ್ತಿತ್ತು. ಅಣ್ಣನ ಕೈಯ ಕೊನೆಯ ಗುರುತನ್ನು ಅಳಿಸಿಬಿಡು ಎಂದು ಯಾವ ತಂಗಿ ಬಾಯಿಬಿಟ್ಟು ಹೇಳಿಯಾಳು?

ಪಾಪ, ಅವನಿಗೆ ಅರ್ಥವಾದದ್ದು ಅಷ್ಟೇ.

ಆ ಭಾನುವಾರ ಗುಣವತಿ ಪೋರೂರಿನ ಆಸ್ಪತ್ರೆಗೆ ಹೋಗಿದ್ದಳು. ಅಂದಾನಿಯ ಹೆಂಡತಿಗೆ ಹೆರಿಗೆಯಾಗಿ ಮೂರು ದಿನವಾಗಿತ್ತು. ಬಾಣಂತಿಗೆ ಗಂಜಿ ಮಾಡಿ ಫ್ಲಾಸ್ಕಿಗೆ ಹೊಯ್ದುಕೊಂಡು ಬಸ್ಸಿನಲ್ಲೇ ಹೊರಟಿದ್ದಳು. ಇತ್ತ ಪ್ರಣಮ್ಯಾಳಿಗೆ ಒಂದು ಉಪಾಯ ಹೊಳೆದಿತ್ತು. ಹಳೆಯ ಪ್ರೋಗ್ರಾಮನ್ನು ಹೊಸದರ ಹೊಟ್ಟೆಯೊಳಗೆ ಕೂರಿಸುವ ದಾರಿಯೊಂದು ಇದೆಯಂತೆ, ಮೊದಲು ಅದರಲ್ಲಿ ಏನೇನಿದೆ ನೋಡಬೇಕು ಎಂದು ಹೇಳಿ ಅದನ್ನು ತೆರೆದಳು. ಮಧ್ವರಾಜನೂ ಕುರ್ಚಿ ಎಳೆದುಕೊಂಡು ಕೂತ. ನೀಲಿ ಪರದೆ, ಬಿಳಿ ಅಕ್ಷರ. ಭಾವಮೈದನ ಮುಖವೇ ಕಂಡಷ್ಟು ಸಂತೋಷವಾಯಿತು ಅವನಿಗೆ.

ಪರದೆಯ ಮೇಲೆ ಇದ್ದದ್ದು ಎರಡು ಸಾವಿರದ ಹದಿನೈದರ ಡಿಸೆಂಬರ್. ಪ್ರಣಮ್ಯಾ ಮುಂದಕ್ಕೆ ಒತ್ತಿದಳು. ಹೊಸ ವರ್ಷ ಸೇರಿಸಲು ಪಾಸ್‌ವರ್ಡ್ ಕೊಡಿ ಎಂದಿತು. ಮಾವನ ಹೆಸರು, ಅಮ್ಮನ ಹೆಸರು, ಹೋಟೆಲಿನ ಹೆಸರು ಒಂದೊಂದಾಗಿ ಹಾಕಿದಳು. ಮೂರಕ್ಕೂ ಇಲ್ಲ ಎಂದು ಪ್ರೋಗ್ರಾಂ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಮತ್ತೆ ತೆರೆದರೆ ಮತ್ತೆ ಅದೇ ಡಿಸೆಂಬರ್.

ಆಮೇಲೆ ಪ್ರಣಮ್ಯಾ ಅಲ್ಲಿ ಇಲ್ಲಿ ಹುಡುಕಿ ಬೇರೊಂದು ಫೋಲ್ಡರ್ ತೆರೆದಳು. ಅದರಲ್ಲಿ ಸಾದಾ ಬರಹದ ಫೈಲುಗಳು, ತಿಂಗಳಿಗೊಂದರಂತೆ ನೂರ ಇಪ್ಪತ್ತಮೂರು. ಪ್ರತಿಯೊಂದರಲ್ಲೂ ಮೂವತ್ತು ಚಿಲ್ಲರೆ ಹೆಸರು, ತಾರೀಕು, ಸುತ್ತಲೂ ಪ್ರೋಗ್ರಾಂ ಹಾಕುತ್ತಿದ್ದಂಥದೇ ನಕ್ಷತ್ರಗಳ ಅಂಚು. ಆ ನಕ್ಷತ್ರಗಳನ್ನೂ ಒಂದೊಂದಾಗಿ ಒತ್ತಿ ಕೂರಿಸಿದ್ದು. ಕೊನೆಯಲ್ಲಿ, ಇದು ಕಂಪ್ಯೂಟರ್ ತಯಾರಿಸಿದ ಪಟ್ಟಿ, ಸಹಿ ಬೇಕಾಗಿಲ್ಲ ಎನ್ನುವ ಇಂಗ್ಲಿಷ್ ಸಾಲು. ಅದನ್ನೂ ನೂರ ಇಪ್ಪತ್ತಮೂರು ಸಲ ಕೈಯಲ್ಲೇ ಹೊಡೆದದ್ದು.

"ಅಪ್ಪಾ, ಪ್ರೋಗ್ರಾಂ ಓಡ್ತಾನೇ ಇಲ್ಲ. ಟೆನ್ ಇಯರ್ಸ್," ಎಂದಳು ಪ್ರಣಮ್ಯಾ. "ಅಮ್ಮನೇ ಕಂಪ್ಯೂಟರ್."

ಅವಳಿಗೆ ನಗು ತಡೆಯಲಾಗಲಿಲ್ಲ. ಮಧ್ವರಾಜನಿಗೆ ನಗು ಬರಲಿಲ್ಲ. ಕಿವಿ ಬಿಸಿಯಾಯಿತು. ಹತ್ತು ವರ್ಷ ಎರಡೂ ಕೈ ಎತ್ತಿ ಕಂಪ್ಯೂಟರ್ ಕೊಟ್ಟದ್ದು, ಕಂಪ್ಯೂಟರ್ ಕೊಟ್ಟದ್ದು ಎಂದು ಜಾಗಟೆ ಬಾರಿಸಿದವನು ಅವನು. ಒಮ್ಮೆ ಯಾರೋ ಅನುಮಾನಪಟ್ಟಾಗ ದೈವದ ಮೇಲೆ ಆಣೆ ಇಡಲೂ ಹೋಗಿದ್ದ. ಕಟ್ಟಿಕೊಂಡ ಹೆಂಡತಿ ತನ್ನನ್ನು ಇಷ್ಟು ವರ್ಷ ಕೋಡಂಗಿ ಮಾಡಿದಳಲ್ಲ ಎಂದು ಸಿಟ್ಟೇರಿತು. ಮಗಳನ್ನು ಮೇಲೆ ಕಳಿಸಿ, ಬಾಗಿಲು ಹಾಕಿಕೊಂಡು, ಮೂಲೆಯ ತಂತಿಗೆ ಚುಚ್ಚಿಟ್ಟಿದ್ದ ಹಳೆಯ ಲಿಸ್ಟುಗಳನ್ನು ಬಿಡಿಸಿ ಮೇಜಿನ ಮೇಲೆ ಹರವಿಕೊಂಡ. ಎಲ್ಲೆಲ್ಲಿ ಮೋಸ ಮಾಡಿದ್ದಾಳೆ ನೋಡಿಯೇ ಬಿಡುತ್ತೇನೆ ಎಂದು ಕನ್ನಡಕ ಏರಿಸಿದ.

ಮೊದಲು ಕೈಗೆ ಸಿಕ್ಕಿದ್ದು ಎಂಟು ವರ್ಷದ ಹಿಂದಿನ ಮೇ ತಿಂಗಳದ್ದು. ಅದು ಅವನಿಗೆ ಚೆನ್ನಾಗಿ ನೆನಪಿತ್ತು. ಸದಾನಂದ ಅಕ್ಕನ ಮಗನ ಮದುವೆಗೆಂದು ತಿಂಗಳ ಮೊದಲ ವಾರ ಕೇಳಿದ್ದ. ಲಿಸ್ಟ್ ಹದಿನಾರರಿಂದ ಇಪ್ಪತ್ತಮೂರು ಕೊಟ್ಟಿತ್ತು. ಎರಡು ದಿನ ಸದಾನಂದ ಯಾರ ಜೊತೆಗೂ ಮಾತಾಡಲಿಲ್ಲ, ಸಾಂಬಾರಿನ ಮೇಲೆ ಸಿಟ್ಟು ತೀರಿಸಿಕೊಂಡ. ಆದರೂ ಟಿಕ್ ಹಾಕಿ, ಹದಿನಾರಕ್ಕೆ ಹೋದ. ಹತ್ತೊಂಬತ್ತಕ್ಕೆ ಅವನ ತಾಯಿ ಅವನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಳು. ತಿರುಗಿ ಬಂದವನು ಸೀದಾ ಈ ಕೋಣೆಗೆ ಬಂದು ಕಂಪ್ಯೂಟರಿನ ತಲೆಯ ಮೇಲೆ ಒಂದು ದಾಸವಾಳ ಇಟ್ಟು ಕೈಮುಗಿದಿದ್ದ. ದೈವಸಂಕಲ್ಪ ಎಂದು ಮಧ್ವರಾಜನೂ ಕೈಮುಗಿದಿದ್ದ. ಆಗ ಗುಣವತಿ ಬಾಗಿಲಲ್ಲಿ ನಿಂತು ಎಲ್ಲೋ ನೋಡುತ್ತಿದ್ದಳು.

ಈಗ ಹೊಳೆಯಿತು. ಮಧ್ಯಾಹ್ನ ಎರಡೂವರೆಗೆ, ಗಿರಾಕಿ ಕಡಿಮೆಯಾದ ಹೊತ್ತಿಗೆ, ಅವಳು ದಿನಾ ಒಂದೊಂದು ಮನೆಗೆ ಫೋನ್ ಮಾಡುತ್ತಿದ್ದಳು. ಊರಿನ ಹೆಂಗಸರ ಜೊತೆ ಹಪ್ಪಳ, ಉಪ್ಪಿನಕಾಯಿ, ಸೊಸೆಯ ವಾಂತಿ, ಅತ್ತೆಯ ಕೆಮ್ಮು. ಹೆಂಗಸರ ಹರಟೆ ಎಂದು ಅವನು ತಲೆ ಕೊಡವಿ ಪೇಪರ್ ಓದುತ್ತಿದ್ದ. ಸದಾನಂದನ ಮುದುಕಿ ಗಂಜಿ ಬಿಟ್ಟಿದ್ದಾಳೆಂದು ಮದರಾಸಿನಲ್ಲಿ ಮೊದಲು ತಿಳಿದದ್ದು ಅವಳಿಗೆ. ಮದುವೆಗೆ ಹೋಗಿ ಬಂದರೆ ಅದೇ ತಿಂಗಳಲ್ಲಿ ಮತ್ತೆ ರಜೆ ಇಲ್ಲ. ಅದಕ್ಕೇ ಮದುವೆ ತಪ್ಪಿಸಿ ತಾಯಿಯನ್ನು ಕೊಟ್ಟಿದ್ದಳು.

ಅವನು ಇನ್ನೊಂದು ಹಾಳೆ ತೆಗೆದ, ಮತ್ತೊಂದು ತೆಗೆದ. ದೋಸೆಯ ಸೂರಜನಿಗೂ ಕಾಫಿಯವನಿಗೂ ಒಂದು ಹೆಣ್ಣಿನ ವಿಷಯಕ್ಕೆ ವರ್ಷಗಟ್ಟಲೆ ಮಾತಿರಲಿಲ್ಲ. ಒಂದು ಫೆಬ್ರವರಿಯಲ್ಲಿ ಇಬ್ಬರಿಗೂ ಒಂದೇ ತಾರೀಕು, ಹೋಗಲೂ ಬರಲೂ. ಮಂಗಳೂರಿನ ರೈಲಿನಲ್ಲಿ ಹದಿನಾರು ಗಂಟೆ ಎದುರು ಬದುರು ಕೂತು ಎಷ್ಟು ಹೊತ್ತು ಮುಖ ತಿರುಗಿಸಿಯಾರು? ಬರುವಾಗ ಒಂದೇ ಚೀಲದಲ್ಲಿ ಇಬ್ಬರ ಹಲಸಿನ ಹಪ್ಪಳ ಬಂದಿತ್ತು. ಕುಡಿತದ ಚಟವಿದ್ದ ಒಬ್ಬನಿಗೆ ಯಾವತ್ತೂ ಒಬ್ಬನೇ ಹೋಗುವ ರಜೆ ಬಿದ್ದಿಲ್ಲ, ಜೊತೆಗೆ ಅವನ ಭಾವ ಇದ್ದೇ ಇರುತ್ತಿದ್ದ. ಆ ರೋಗದ ವರ್ಷ ಊರಿಗೆ ಊರೇ ಬಾಗಿಲು ಹಾಕುವ ಹತ್ತು ದಿನ ಮೊದಲು, ಅರುವತ್ತು ದಾಟಿದ ನಾಲ್ವರಿಗೂ ಕೇಳದೆಯೇ ರಜೆ ಬಂದಿತ್ತು. ಲಿಸ್ಟಿಗೆ ತಲೆ ಕೆಟ್ಟಿದೆ ಎಂದು ಆವತ್ತು ಎಲ್ಲರೂ ನಕ್ಕಿದ್ದರು.

ಓದುತ್ತ ಓದುತ್ತ ಮಧ್ವರಾಜನ ಸಿಟ್ಟು ಎಲ್ಲಿ ಇಳಿಯಿತೋ ಅವನಿಗೇ ಗೊತ್ತಾಗಲಿಲ್ಲ. ಮೂವತ್ತಾರು ವರ್ಷ ಜೊತೆಗೆ ಸಂಸಾರ ಮಾಡಿದ್ದರೂ ಈ ಹೆಂಗಸನ್ನು ಇವತ್ತೇ ಮೊದಲು ನೋಡುತ್ತಿದ್ದೇನೆ ಅನಿಸಿತು. ಎಂಥ ತಲೆ, ಎಂಥ ಕರುಳು, ಎಂಥ ಗಟ್ಟಿ ಬಾಯಿ. ಹೊಗಳಿಕೆಯನ್ನೆಲ್ಲ ಆ ಡಬ್ಬಿಗೆ ಬಿಟ್ಟುಕೊಟ್ಟು ತಾನು ಫ್ಲಾಸ್ಕ್ ಹಿಡಿದು ಬಸ್ಸಿಗೆ ಕಾದು ನಿಂತಿರುತ್ತಾಳಲ್ಲ ಎಂದು ಕಣ್ಣು ಒದ್ದೆಯಾಯಿತು.

ಗುಣವತಿ ಬಂದಾಗ ಸಂಜೆಯ ಟಿಫನ್ ಶುರುವಾಗಿತ್ತು. ಬಾಗಿಲು ತಳ್ಳಿ ಒಳಗೆ ನೋಡಿದಳು. ಮೇಜಿನ ಮೇಲೆ ಹರವಿದ ಹಾಳೆಗಳು, ಅವುಗಳ ನಡುವೆ ಗಂಡ. ಸೀದಾ ಹೋಗಿ ಫ್ಲಾಸ್ಕನ್ನು ಎರಡು ಸಲ ಬಿಸಿನೀರು ಹಾಕಿ ತೊಳೆದು, ಮಗುಚಿ ಇಟ್ಟು, ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಪಾಸ್‌ವರ್ಡ್ ಅಣ್ಣ ಹೇಳಿರ್ಲಿಲ್ಲ," ಎಂದಳು. "ಕೇಳ್ಳಿಕ್ಕೆ ನನಗೂ ಹೊಳೀಲಿಲ್ಲ. ಅವ ಹಾಗೆ ಹೋಗ್ತಾನೆ ಅಂತ ಯಾರಿಗೆ ಗೊತ್ತುಂಟು."

ಜನವರಿಯ ಲಿಸ್ಟಿಗೆ ಎಲ್ಲರೂ ಕಾದು ಕೂತಿದ್ದರಂತೆ. ಕೃಷ್ಣಪ್ರಸಾದನ ವೈಕುಂಠ ಸಮಾರಾಧನೆ ಆಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಅದೊಂದು ತಿಂಗಳು ಹೇಗೋ ದಾಟಿಸುವ ಎಂದು ಅವಳೇ ಬರೆದು ಅಂಟಿಸಿದಳಂತೆ. ಒಬ್ಬರೂ ತುಟಿ ಪಿಟಕ್ಕೆನ್ನದೆ ಟಿಕ್ ಹಾಕಿ ಹೋದರಂತೆ. ಮರುತಿಂಗಳೂ ಹಾಗೇ.

"ನನಗೊಂದು ಮಾತು ಹೇಳ್ಬಹುದಿತ್ತಲ್ಲ ಗುಣಾ."

"ನಿಮಗೆ ಹೇಳಿದ್ರೆ ಮುಗೀತು. ನಿಮ್ಮ ಮುಖ ನೋಡಿ ಸದಾನಂದ ಆವತ್ತೇ ಹಿಡೀತಿದ್ದ. ನಿಮಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ ಮಾರಾಯ್ರೆ." ಅವಳು ಮೆಲ್ಲಗೆ ಹೇಳಿದಳು: "ನೀವು ಇಲ್ಲ ಹೇಳಿದ್ರೆ ಜಗಳ. ನಾನು ಇಲ್ಲ ಹೇಳಿದ್ರೆ ಬೇಜಾರು. ಮಿಷನ್ ಇಲ್ಲ ಹೇಳಿದ್ರೆ ಎಂತದೂ ಇಲ್ಲ. ತಲೆ ಕೆರ್ಕೊಂಡು ಹೋಗ್ತಾರೆ."

ಹೊಸ ವಿಂಡೋಸ್ ಹಾಕುವುದು ಬೇಡ ಎಂದು ಅವಳು ಅನ್ನಲಿಲ್ಲ. ಆದರೆ ಹಾಕಿದರೆ ಹಳೆಯದು ಹೋಯಿತೆಂದು ಅಡುಗೆಮನೆಗೆ ಗೊತ್ತಾಗುತ್ತದೆ. ಲಿಸ್ಟ್ ಎಲ್ಲಿಂದ ಬರುತ್ತದೆಂದು ಕೇಳುತ್ತಾರೆ. ಕೇಳಿದರೆ ಈ ಹತ್ತು ವರ್ಷದ್ದೆಲ್ಲ ಮೇಲೆ ಬರುತ್ತದೆ. ಸದಾನಂದನ ಅಕ್ಕನ ಮಗನ ಮದುವೆ ತಪ್ಪಿಸಿದ್ದು ಗುಣವತಿ ಅಕ್ಕ, ಇಂಥವನ ಗೃಹಪ್ರವೇಶ ತಪ್ಪಿಸಿದ್ದು ಗುಣವತಿ ಅಕ್ಕ ಎಂದಾಗುತ್ತದೆ. ಮತ್ತೆ ಆ ಮನೆಗಳ ಹೆಂಗಸರು ಫೋನಿನಲ್ಲಿ ಅವಳಿಗೆ ಏನನ್ನೂ ಹೇಳುವುದಿಲ್ಲ. ಅವರು ಹೇಳದಿದ್ದರೆ ಲಿಸ್ಟೂ ಇಲ್ಲ. ಇಷ್ಟನ್ನು ಹೇಳುವಾಗ ಗುಣವತಿಯ ದನಿ ಸಣ್ಣಗೆ ಅಲುಗಿತು. ಅವಳು ಹೆದರಿದ್ದನ್ನು ಮಧ್ವರಾಜ ನೋಡಿದವನೇ ಅಲ್ಲ.

"ಹಾಕುವ," ಎಂದ. "ಲಿಸ್ಟ್ ಹೊಸದರಲ್ಲೂ ಬರ್ತದೆ ಅಂತ ನಾನು ಹೇಳ್ತೇನೆ."

"ನೀವಾ?" ಎಂದು ಗುಣವತಿ ನಕ್ಕುಬಿಟ್ಟಳು.

ಮಾರ್ಚ್ ಮೂವತ್ತಕ್ಕೆ ಪ್ರಣಮ್ಯಾ ಡಿಸ್ಕ್ ಬದಲಿಸಿ ಹೊಸ ವಿಂಡೋಸ್ ಹಾಕಿದಳು. ಅಮ್ಮನ ಗುಟ್ಟನ್ನು ಅವಳೂ ಹೊಟ್ಟೆಯಲ್ಲಿಟ್ಟುಕೊಂಡಳು. ಹಳೆಯ ಪ್ರಿಂಟರಿಗೂ ಹೊಸ ವಿಂಡೋಸಿಗೂ ಪರಿಚಯ ಮಾಡಿಸಲು ಎರಡು ಸಂಜೆ ಬೇಕಾಯಿತು. ಅದನ್ನು ಎಸೆದು ಬೇರೆ ತರೋಣವೆಂದು ಅವಳು ಅಂದದ್ದಕ್ಕೆ ಅಪ್ಪ ಅಮ್ಮ ಇಬ್ಬರೂ ಒಂದೇ ಬಾಯಿಗೆ ಬೇಡ ಎಂದಿದ್ದರು. ಕಿರುಚಾಟವಿಲ್ಲದ ಲಿಸ್ಟನ್ನು ಯಾರು ನಂಬುತ್ತಾರೆ? ಕೃಷ್ಣಪ್ರಸಾದನ ನೀಲಿ ಪರದೆಯನ್ನು ಪ್ರಣಮ್ಯಾ ತನ್ನ ಲ್ಯಾಪ್‌ಟಾಪಿನಲ್ಲಿ ಜೋಪಾನ ಮಾಡಿದಳು. ಏಪ್ರಿಲ್ ಒಂದರಂದು ಆರ್ಡರ್ ಪುಟ ತೆರೆಯಿತು, ಹನ್ನೆರಡೂವರೆಗೆ ಎಂದಿನಂತೆ ಊಟಗಳು ಹೊರಟವು.

ಮಧ್ವರಾಜ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಕೆರೆಯುವಾಗ ಸುಳ್ಳು ಅಭ್ಯಾಸ ಮಾಡಿದ. ಆದರೂ ಸದಾನಂದ ಒಂದು ದಿನ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು, "ಧನಿಗಳೇ, ಈ ಹೊಸ ವಿಂಡೋಸಿಗೆ ನಮ್ಮ ಊರಿನ ನೇಮ ಎಲ್ಲ ಗೊತ್ತುಂಟಾ?" ಎಂದು ಕೇಳಿದಾಗ ಅವನ ಕಿವಿ ಕೆಂಪಾಯಿತು. ಗೊತ್ತುಂಟು ಎಂದು ಕಾಫಿ ಲೋಟಕ್ಕೆ ಹೇಳಿದ. ಸದಾನಂದ ಅವನ ಕಿವಿಯನ್ನೇ ಸ್ವಲ್ಪ ಹೊತ್ತು ನೋಡಿದ.

"ಹಾಗಾದ್ರೆ ಸರಿ," ಎಂದ. "ಆದ್ರೂ ನಾನೊಮ್ಮೆ ಅಕ್ಕನ ಹತ್ರ ಹೇಳಿ ಇಡ್ತೇನೆ. ಯಾವಾಗ್ಲೂ ಹಾಗೇ ಅಲ್ವಾ ಮಾಡುದು."

ಅವನು ಅಷ್ಟು ಹೇಳಿ ಒಲೆಯ ಕಡೆ ನಡೆದ. ಎಲ್ಲ ಗೊತ್ತಿದ್ದೂ ದಾಸವಾಳ ಇಟ್ಟಿದ್ದನೋ ಈ ಪುಣ್ಯಾತ್ಮ, ಇಟ್ಟ ಮೇಲೆ ಗೊತ್ತಾದದ್ದೋ ಎಂದು ಮಧ್ವರಾಜ ಲೋಟದ ಕಾಫಿ ಆರುವವರೆಗೂ ಯೋಚಿಸಿದ.

ಹಳೆಯ ಲಿಸ್ಟುಗಳನ್ನು ಮತ್ತೆ ತಂತಿ ಏರಿಸುವ ಕೆಲಸ ಅವನು ಯಾರಿಗೂ ಕೊಡಲಿಲ್ಲ. ದಿನಕ್ಕೊಂದು ವರ್ಷದಂತೆ ಓದುತ್ತ ಚುಚ್ಚುತ್ತಿದ್ದ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಒಂದು ಹಾಳೆಯನ್ನು ಅರ್ಧ ಚುಚ್ಚಿದವನು ಹಾಗೇ ನಿಂತ. ಮೂವತ್ತೆಂಟು ಹೆಸರು. ಇನ್ನೊಂದು ಹಾಳೆ ನೋಡಿದ, ಅದರ ಹಿಂದಿನದನ್ನು ನೋಡಿದ. ಕೃಷ್ಣಪ್ರಸಾದ ಬದುಕಿದ್ದಾಗಿನ ಹಾಳೆಗಳನ್ನೂ ತೆಗೆದು ನೋಡಿದ. ಹದಿನಾಲ್ಕು ವರ್ಷದಲ್ಲಿ ಎಲ್ಲಿಯೂ ಒಂದು ಹೆಸರು ಇರಲಿಲ್ಲ.

ಗುಣವತಿಯ ತವರಿನ ಕುಟುಂಬದ ಮನೆ ಇರುವುದು ಸದಾನಂದನ ಊರಿನಿಂದ ಎರಡು ಮೈಲಿಗೆ. ಅಲ್ಲಿಯ ನೇಮ ಮೇ ತಿಂಗಳ ಎರಡನೆಯ ವಾರ, ಹೋಟೆಲಿನಲ್ಲಿ ಕೆಲಸದ ಜನ ಅತಿ ಕಡಿಮೆ ಇರುವ ವಾರ. ಮೊದಲೆಲ್ಲ ಅಣ್ಣ ಹೋಗುತ್ತಿದ್ದ. ಅವನು ತೀರಿಕೊಂಡ ಮೇಲೆ ದೊಡ್ಡಮ್ಮನ ಮಗಳು ಅಮ್ಮಣ್ಣಿ ಒಬ್ಬಳೇ ಅಂಗಳದಲ್ಲಿ ನಿಲ್ಲುತ್ತಿದ್ದಳು. ಗುಣವತಿ ಹೆಚ್ಚಿನ ವರ್ಷಗಳಲ್ಲಿ ಒಂದು ತೆಂಗಿನಕಾಯಿ, ಒಂದು ಮಲ್ಲಿಗೆ ಚೆಂಡು ಸದಾನಂದನ ಕೈಯಲ್ಲಿ ಕಳಿಸುತ್ತಿದ್ದಳು. ಸದಾನಂದ ಕಾಗದದಲ್ಲಿ ಮಡಿಸಿ ಗಂಧ ತಂದುಕೊಡುತ್ತಿದ್ದ. ಅವಳು ಅದನ್ನು ಹಣೆಗೆ ಹಚ್ಚಿಕೊಂಡು ಚಟ್ನಿಗೆ ಕಾಯಿ ತುರಿಯಲು ಕೂರುತ್ತಿದ್ದಳು. ಹತ್ತು ವರ್ಷ ಅದನ್ನು ಕಣ್ಣೆದುರಿಗೇ ಕಂಡವನು ಮಧ್ವರಾಜ. ನೀನು ಹೋಗುವುದಿಲ್ಲವಾ ಎಂದು ಒಂದು ಸಲವಾದರೂ ಕೇಳಿರಲಿಲ್ಲ.

ಏಪ್ರಿಲ್ ಇಪ್ಪತ್ತೈದಕ್ಕೆ ಮೂರು ಗಂಟೆಗೆ ಗುಣವತಿ ಕೋಣೆಗೆ ಹೋಗಿ ಅರ್ಧ ಬಾಗಿಲು ಹಾಕಿಕೊಂಡಳು. ಮೇ ತಿಂಗಳ ಲಿಸ್ಟ್, ವರ್ಷದಲ್ಲೇ ಕಷ್ಟದ್ದು. ಎಲ್ಲ ಮುಗಿಸಿ, ಪ್ರಿಂಟರಿನ ಕಾಗದ ಮುಗಿದಿದೆ ಎಂದು ತರಲು ಮಹಡಿಗೆ ಹೋದಳು. ಕಾಗದ ಮುಗಿದಿರಲಿಲ್ಲ, ಮಧ್ವರಾಜ ಬೆಳಿಗ್ಗೆಯೇ ತೆಗೆದು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದ. ಅವನು ಒಳಗೆ ನುಗ್ಗಿ, ಕನ್ನಡಕ ಏರಿಸಿ, ಮೂವತ್ತೆಂಟು ಹೆಸರುಗಳ ಕೆಳಗೆ ಒಂದೇ ಬೆರಳಿನಲ್ಲಿ ಒಂದೊಂದು ಅಕ್ಷರ ಹುಡುಕಿ ಒತ್ತಿದ. ಇಂಗ್ಲಿಷಿನಲ್ಲಿ ಹೆಂಡತಿಯ ಹೆಸರು ಇಷ್ಟು ಉದ್ದ ಎಂದು ಅವನಿಗೆ ಗೊತ್ತಿರಲಿಲ್ಲ. ಕಾಗದ ಹಾಕಿ ಗುಂಡಿ ಒತ್ತಿದ. ಪ್ರಿಂಟರ್ ಕಿರುಚತೊಡಗಿತು, ಅಡುಗೆಮನೆಯ ಸದ್ದು ನಿಂತಿತು.

ಗುಣವತಿ ಇಳಿದು ಬರುವಷ್ಟರಲ್ಲಿ ಹಾಳೆ ಗೋಡೆಯ ಮೇಲಿತ್ತು. ಒಬ್ಬೊಬ್ಬರೇ ಬಂದು ಟಿಕ್ ಹಾಕುತ್ತಿದ್ದರು. ಅಂದಾನಿಗೆ ಮಗಳ ನಾಮಕರಣಕ್ಕೆ ಐದು ದಿನ ಬಿದ್ದಿತ್ತು. ಸೂರಜ ತನ್ನ ಟಿಕ್ ಹಾಕಿ ಪೆನ್ಸಿಲ್ ಬಿಡುವ ಮೊದಲು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದ. ಗುಣವತಿ, ಒಂಬತ್ತರಿಂದ ಹದಿನಾಲ್ಕು.

ಅವಳು ಜನರ ನಡುವೆ ದಾರಿ ಮಾಡಿಕೊಂಡು ಬಂದು ಓದಿದಳು. ಎಲ್ಲರೂ ಓದುವ ಹಾಗೆಯೇ, ಮೇಲಿನಿಂದ ಬೆರಳು ಇಳಿಸಿಕೊಂಡು ಬಂದು, ಕೊನೆಯಲ್ಲಿ ನಿಂತಳು. ಆಮೇಲೆ ಕೌಂಟರಿನ ಕಡೆ ತಿರುಗಿದಳು.

"ಇದೆಂತ ಇದು? ಆ ವಾರ ಇಲ್ಲಿ ಯಾರುಂಟು?"

ಮಧ್ವರಾಜ ಎರಡೂ ಕೈ ಎತ್ತಿದ. "ನಾನೆಂತ ಮಾಡುದು?" ಎಂದ. "ಕಂಪ್ಯೂಟರ್ ಕೊಟ್ಟದ್ದು."

ಕಿವಿ ಕೆಂಪಾಗಲಿಲ್ಲ. ಗುಣವತಿ ಅವನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಸುತ್ತ ನಿಂತ ಮೂವತ್ತು ಮುಖಗಳನ್ನು ಕಂಡು ಮುಚ್ಚಿದಳು. ಕಂಪ್ಯೂಟರಿನ ಮಾತಿಗೆ ಎದುರು ಮಾತಿಲ್ಲ ಎಂದು ಇವರಿಗೆಲ್ಲ ಕಲಿಸಿದವಳೇ ಅವಳು.

ಸದಾನಂದ ಸಾಂಬಾರಿನ ಹಂಡೆಯಿಂದ ಕಣ್ಣು ತೆಗೆಯದೆ ಹೇಳಿದ: "ಎಂಟನೇ ತಾರೀಕಿನ ರೈಲು ಅಕ್ಕಾ. ನಾನೂ ಅದ್ರಲ್ಲೇ ಹೋಗುದು. ಈ ಸಲ ಕಾಯಿ ನೀವೇ ಹಿಡ್ಕೊಳ್ಳಿ."

ಗುಣವತಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಒದ್ದೆ ಇಲ್ಲದ ಕೈಯನ್ನು ಮತ್ತೊಮ್ಮೆ ಒರೆಸಿಕೊಂಡಳು. ನೇತಾಡುತ್ತಿದ್ದ ಪೆನ್ಸಿಲನ್ನು ಹಿಡಿದು ತನ್ನ ಹೆಸರಿನ ಎದುರು ಒಂದು ಟಿಕ್ ಎಳೆದಳು. ಮೂವತ್ತೆಂಟು ಜನರ ಕೈಯಲ್ಲಿ ಸವೆದ ಪೆನ್ಸಿಲ್, ಗೆರೆ ಸರಿಯಾಗಿ ಮೂಡಲಿಲ್ಲ. ಅವಳು ಗೋಡೆಗೆ ಇನ್ನಷ್ಟು ಹತ್ತಿರ ಸರಿದು, ಅದೇ ಗೆರೆಯ ಮೇಲೆ ಇನ್ನೊಮ್ಮೆ ಒತ್ತಿ ಎಳೆದಳು.